ಗಾಡಿ ನಿಲ್ಲುವ ಜಾಗವನ್ನು ಅತ್ತೆಯವರನ್ನು ಕೇಳಿ ಗೊತ್ತುಮಾಡಿ

ಪ್ರಶ್ನೆ: ನಮ್ಮದು ಶಹಾಪುರ. ಮನೆಯಲ್ಲಿ ಅತ್ತೆ, ಮಾವ, ನಾವಿಬ್ಬರು, ಇಬ್ಬರು ಮಕ್ಕಳು. ನನ್ನ ಮೈದುನ ಅಮೆರಿಕದಲ್ಲಿದ್ದಾನೆ. ಎರಡು ವರ್ಷದ ಮೇಲೆ ಹೆಂಡತಿ, ಮಗನನ್ನು ಕರೆದುಕೊಂಡು ದಸರಾ ರಜೆಗೆ ಬರುತ್ತಿದ್ದಾನೆ. ಎಲ್ಲರೂ ಕೂಡಿ ಬೆಂಗಳೂರು, ಮೈಸೂರು ನೋಡಿ ಬರೋಣ ಎಂಬುದು ಅವನ ಆಸೆ. ಒಂದು ಟಿ.ಟಿ. (ಟೆಂಪೊ ಟ್ರಾವೆಲರ್) ಬಾಡಿಗೆಗೆ ಹಿಡಿದು, ಹಿಂದಿನ ಸೀಟು ತೆಗೆಸಿ ಗಾದಿ ಹಾಸಿ, ಸಣ್ಣ ಸಿಲಿಂಡರು ಒಲೆ ಇಟ್ಟುಕೊಂಡು, ಬೆಂಗಳೂರಿನಲ್ಲಿ ಎರಡು ರಾತ್ರಿ ಗಾಡಿಯಲ್ಲೇ ಮಲಗುವುದು ಎಂದು ಹೇಳುತ್ತಿದ್ದಾನೆ. ‘ಅಲ್ಲಿ ಎಲ್ಲಾರೂ ಹಿಂಗೇ ಹೋಗ್ತಾರ, ಗಾಡಿನೇ ಮನಿ’ ಅನ್ನುತ್ತಾನೆ. ನಮ್ಮ ಮನೆಯವರೂ ‘ಗಾಡಿಗೆ ದಿನದ ಬಾಡಗಿ ಕೊಡ್ತೀವಿ, ಮತ್ತ ಲಾಡ್ಜಿಗೆ ಯಾಕ ರೊಕ್ಕ ಸುರೀಬೇಕು?’ ಎಂದು ಒಪ್ಪಿಬಿಟ್ಟಿದ್ದಾರೆ. ಅತ್ತೆಗೆ ಸಕ್ಕರೆ ಕಾಯಿಲೆ, ಮೊಣಕಾಲು ನೋವು. ಹೋದ ವರ್ಷ ಮದುವೆಗೆಂದು ಹೈದರಾಬಾದಿಗೆ ಹೋದಾಗ ದಾರಿಯಲ್ಲಿ ಎಲ್ಲಿ ಇಳಿಯುವುದು ಎಂದು ದಿನವಿಡೀ ನೀರೇ ಕುಡಿಯಲಿಲ್ಲ. ಬಂದ ಮೇಲೆ ಜ್ವರ ಬಂತು, ಮೂತ್ರದ ಸೋಂಕು ಎಂದರು ಡಾಕ್ಟರು. ಈಗಲೂ ‘ನನ್ನ ಚಿಂತಿ ಬಿಡ್ರಿ, ನಾ ಹ್ಯಾಂಗರೆ ಮಾಡ್ತೀನಿ’ ಅನ್ನುತ್ತಾರೆ. ದೊಡ್ಡ ಮಗಳು ದೊಡ್ಡವಳಾಗಿ ವರ್ಷವಾಯಿತು, ಅವಳ ಚಿಂತೆಯೂ ಇದೆ. ನಾನು ಬಾಯಿ ತೆರೆದರೆ ಅಣ್ಣ ತಮ್ಮ ಕೂಡಿ ಹೋಗುವುದಕ್ಕೆ ಸೊಸೆ ಕಲ್ಲು ಹಾಕಿದಳು ಎನ್ನುತ್ತಾರೆ. ಏನು ಮಾಡಲಿ?
— ಹೆಸರು ಬೇಡ, ಶಹಾಪುರ

ಉತ್ತರ: ತಂಗಿ, ‘ನಾ ಹ್ಯಾಂಗರೆ ಮಾಡ್ತೀನಿ’ ಎಂಬ ನಿಮ್ಮ ಅತ್ತೆಯವರ ಮಾತನ್ನು ಮನೆಯವರೆಲ್ಲ ಒಪ್ಪಿಗೆ ಎಂದು ತಿಳಿದುಕೊಂಡಿದ್ದಾರೆ. ಅದು ಒಪ್ಪಿಗೆಯಲ್ಲ. ಹೋದ ವರ್ಷ ಅವರು ‘ಹ್ಯಾಂಗರೆ’ ಮಾಡಿದ್ದು ಹೇಗೆ ಎಂಬುದು ನಿಮ್ಮ ಪತ್ರದಲ್ಲೇ ಇದೆ: ನೀರು ಬಿಟ್ಟರು, ಜ್ವರದಲ್ಲಿ ಮಲಗಿದರು. ನಮ್ಮ ಕಡೆ ಆ ವಯಸ್ಸಿನ ಹೆಣ್ಣುಮಕ್ಕಳು ತಮ್ಮಿಂದ ಯಾರಿಗೂ ತ್ರಾಸವಾಗಬಾರದು ಎಂದು ದೇಹವನ್ನೇ ಶಿಕ್ಷಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಮೂತ್ರದ ಸೋಂಕು ತಗಲುವುದು ಬೇಗ, ವಾಸಿಯಾಗುವುದು ನಿಧಾನ. ನೀರು ಕಡಿಮೆಯಾದರೆ ರಕ್ತದ ಸಕ್ಕರೆಯೂ ಏರುತ್ತದೆ. ಹಾಗಾಗಿ ಇದನ್ನು ಸೊಸೆಯ ತಕರಾರು ಎಂದು ನೀವು ನೋಡಬೇಡಿ, ಬೇರೆಯವರು ನೋಡಲೂ ಬಿಡಬೇಡಿ.

ಮೊದಲು ನಿಮ್ಮ ಮೈದುನನ ಮಾತಿಗೆ ಬರುತ್ತೇನೆ. ಅವನು ಹೇಳುವುದು ಸುಳ್ಳಲ್ಲ, ಅರ್ಧ ಮಾತ್ರ ಹೇಳುತ್ತಿದ್ದಾನೆ. ಅಮೆರಿಕದಲ್ಲಿ ಮಂಚ, ಅಡುಗೆಮನೆ, ಪಾಯಖಾನೆ ಎಲ್ಲ ಇರುವ ಗಾಡಿ ತೆಗೆದುಕೊಂಡು ಕುಟುಂಬಗಳು ವಾರಗಟ್ಟಲೆ ತಿರುಗುತ್ತವೆ. ಆದರೆ ಅಲ್ಲಿ ಸುಖ ಇರುವುದು ಗಾಡಿಯಲ್ಲಿ ಅಷ್ಟೇ ಅಲ್ಲ, ಗಾಡಿ ನಿಲ್ಲುವ ಜಾಗದಲ್ಲಿ. ಇಂಥ ಗಾಡಿಗಳಿಗೆಂದೇ ತಂಗುದಾಣಗಳಿವೆ. ಅನೇಕ ಕಡೆ ಒಂದೊಂದು ಗಾಡಿಗೂ ನೀರಿನ ನಳ, ಕರೆಂಟಿನ ಪ್ಲಗ್ಗು, ಪಾಯಖಾನೆಯ ತೊಟ್ಟಿ ಖಾಲಿಮಾಡಲು ಒಳಚರಂಡಿಯ ಬಾಯಿ ಇರುತ್ತದೆ. ಅಲ್ಲಿಯೂ ಎಷ್ಟೋ ದೊಡ್ಡ ನಗರಗಳಲ್ಲಿ ಗಾಡಿಯನ್ನು ಬೀದಿ ಬದಿ ನಿಲ್ಲಿಸಿ ರಾತ್ರಿ ಮಲಗುವುದಕ್ಕೆ ನಿರ್ಬಂಧವಿದೆ. ತಿಳಿದವರು ಊರ ಹೊರಗೆ ನಿಲ್ಲಿಸಿ, ರೈಲು ಬಸ್ಸು ಹತ್ತಿ ಒಳಗೆ ಹೋಗಿ ಬರುತ್ತಾರೆ. ನೀವು ಹಿಡಿಯುವ ಟಿ.ಟಿ.ಯಲ್ಲಿ ಪಾಯಖಾನೆ ಇಲ್ಲ, ಬೆಂಗಳೂರಿನ ಬೀದಿಯಲ್ಲಿ ಆ ನಳವೂ ಇಲ್ಲ. ಬಾಗಿಲು ಹಾಕಿದ ಗಾಡಿಯಲ್ಲಿ ಒಂಬತ್ತು ಜನ ಬೆಳಗಿನವರೆಗೆ ಕೂಡಬೇಕು, ಅಷ್ಟೇ.

ನಮ್ಮ ಹಿರಿಯರೂ ಗಾಡಿಯಲ್ಲಿ ರಾತ್ರಿ ಕಳೆದವರೇ. ತಿಂಥಣಿ ಮೌನೇಶ್ವರನ ಜಾತ್ರೆಗೆ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನಿಗೆ ಎತ್ತಿನ ಗಾಡಿ ಕಟ್ಟಿಕೊಂಡು, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಗಾಡಿ ಬಿಡುವ ಜಾಗವನ್ನು ಆಗ ಸುಮ್ಮನೆ ಆರಿಸುತ್ತಿರಲಿಲ್ಲ. ಎತ್ತಿಗೆ ನೀರು, ಮಂದಿಗೆ ನೆರಳು, ಹೆಣ್ಣುಮಕ್ಕಳಿಗೆ ಮರೆ, ಈ ಮೂರನ್ನೂ ನೋಡಿ ಕೊಳ್ಳ ಹರಿಯುತ್ತಿದ್ದರು. ತಿಂಥಣಿಯಲ್ಲಿ ಪಕ್ಕದಲ್ಲೇ ಕೃಷ್ಣಾ ಹೊಳೆ, ಜೊತೆಗೆ ಓಣಿಯ ಹತ್ತಾರು ಹೆಂಗಸರು. ಮೆಜೆಸ್ಟಿಕ್ಕಿನ ಆಸುಪಾಸಿನ ಒಂದು ಅಡ್ಡರಸ್ತೆಯಲ್ಲಿ ರಾತ್ರಿ ಎರಡು ಗಂಟೆಗೆ ನಿಮ್ಮ ಅತ್ತೆ ಎದ್ದರೆ ಎಲ್ಲಿಗೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಟಿ.ಟಿ.ಗೆ ಮುಂಗಡ ಕೊಡಬೇಡಿ.

ಇನ್ನೊಂದು ಮಾತನ್ನು ನಿಮ್ಮ ಯಜಮಾನರಿಗೂ ಮೈದುನನಿಗೂ ನೇರವಾಗಿ ಓದಿ ಹೇಳಿ. 2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೈ ನಿಲ್ದಾಣದಲ್ಲಿ ನಿಂತಿದ್ದ ಪ್ರವಾಸಿ ರೈಲು ಬೋಗಿಗೆ ಬೆಂಕಿ ಹತ್ತಿ 9 ಜನ ತೀರಿಕೊಂಡರು. ಲಖನೌ ಕಡೆಯಿಂದ ಯಾತ್ರೆಗೆ ಬಂದಿದ್ದವರು, ನಿಮ್ಮ ಹಾಗೆಯೇ ಗುಂಪಾಗಿ ಹೊರಟವರು. ಕದ್ದು ಒಳಗೆ ತಂದಿದ್ದ ಅಡುಗೆ ಸಿಲಿಂಡರೇ ಅದಕ್ಕೆ ಕಾರಣ. ಮರುವರ್ಷ, 2024ರ ಡಿಸೆಂಬರಿನಲ್ಲಿ, ಕೇರಳದ ವಡಕರದಲ್ಲಿ ಹೆದ್ದಾರಿ ಬದಿ ನಿಲ್ಲಿಸಿದ್ದ ಕ್ಯಾರವಾನಿನೊಳಗೆ ಮಲಗಿದ್ದ ಇಬ್ಬರು ಬೆಳಗಾದರೂ ಏಳಲಿಲ್ಲ. ಜನರೇಟರಿನ ಹೊಗೆಯಲ್ಲಿದ್ದ ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿತ್ತು ಎಂದು ತನಿಖೆಯಲ್ಲಿ ಗೊತ್ತಾಯಿತು. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಸೆಕೆ ಎಂದು ಎಂಜಿನ್ ಚಾಲೂ ಇಟ್ಟು ಏಸಿ ಹಾಕಿಕೊಂಡು ಗಾಡಿಯಲ್ಲಿ ಮಲಗಿದರೂ ಇದೇ ಅಪಾಯ. ಏಸಿ ಬೇಡವೆಂದು ಕಿಟಕಿ ತೆರೆದಿಟ್ಟರೆ ಸೊಳ್ಳೆ, ಕಳ್ಳರ ಭಯ, ವಯಸ್ಸಿಗೆ ಬಂದ ಹುಡುಗಿಯ ಚಿಂತೆ.

ಸೀಟು ತೆಗೆಸುವ ಮಾತನ್ನು ಇವತ್ತೇ ಬಿಡಿಸಿ. ನೋಂದಣಿಯಾದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆ ಬಿಡುವುದಿಲ್ಲ. ಓಡುವ ಗಾಡಿಯಲ್ಲಿ ಗಾದಿಯ ಮೇಲೆ ಮಲಗಿದ ಮಗುವನ್ನು ಬ್ರೇಕು ಹಾಕಿದಾಗ ತಡೆದು ಹಿಡಿಯಲು ಏನೂ ಇರುವುದಿಲ್ಲ.

ನೀವು ಯಾರೂ ನೆನೆಯದ ಒಬ್ಬರಿದ್ದಾರೆ: ಚಾಲಕ. ಗಾಡಿಯೊಳಗೆ ನೀವು ಒಂಬತ್ತು ಜನ ಮಲಗಿದರೆ ಅವರು ಮಲಗುವುದೆಲ್ಲಿ? ಕಾನೂನು ಚಾಲಕರ ದಿನದ ದುಡಿಮೆಯನ್ನು ಸಾಮಾನ್ಯವಾಗಿ 8 ಗಂಟೆಗೆ ಮಿತಗೊಳಿಸಿದೆ. ಶಹಾಪುರದಿಂದ ಬೆಂಗಳೂರು ಸುಮಾರು 500 ಕಿಲೋಮೀಟರು. ಮಕ್ಕಳು ಮುದುಕರನ್ನು ಇಳಿಸಿ ಹತ್ತಿಸಿಕೊಂಡು ಹೋದರೆ ಅದೊಂದೇ ಅವರ ದಿನವನ್ನೆಲ್ಲ ತಿನ್ನುತ್ತದೆ. ರಾತ್ರಿ ಅವರಿಗೆ ಕಾಲು ಚಾಚಲು ಜಾಗ ಸಿಗದಿದ್ದರೆ ಮರುದಿನ ಮೈಸೂರು ರಸ್ತೆಯಲ್ಲಿ ನಿಮ್ಮೆಲ್ಲರ ಜೀವ ನಿದ್ದೆಗೆಟ್ಟ ಆ ಕಣ್ಣುಗಳ ಮೇಲೆ ನಿಂತಿರುತ್ತದೆ. ಲಾಡ್ಜಿನ ಖರ್ಚು ಲೆಕ್ಕ ಹಾಕುವಾಗ ಇದನ್ನೂ ಹಾಕಲು ಯಜಮಾನರಿಗೆ ಹೇಳಿ.

ಹಾಗಾದರೆ ಹೋಗುವುದೇ ಬೇಡವೇ? ಖಂಡಿತ ಹೋಗಿ. ನನಗೆ ನಿಮ್ಮ ಮೈದುನನ ಮೇಲೆ ಸಿಟ್ಟಿಲ್ಲ. ಎರಡು ವರ್ಷಕ್ಕೊಮ್ಮೆ ಬರುವವನಿಗೆ ಅವ್ವ, ಅಪ್ಪ, ಅಣ್ಣ ಎಲ್ಲರೂ ಒಂದೇ ಸೂರಿನಡಿ ಒತ್ತೊತ್ತಾಗಿ ಮಲಗಬೇಕೆಂಬ ಹಂಬಲ. ಲಾಡ್ಜಿನಲ್ಲಿ ಮೂರು ಬಾಗಿಲುಗಳ ಹಿಂದೆ ಹಂಚಿಹೋಗುವುದು ಅವನಿಗೆ ಬೇಡ. ಆ ಹಂಬಲಕ್ಕೆ ಬೇರೆ ದಾರಿ ತೋರಿಸಿ. ಒಳಗೇ ಬಚ್ಚಲು, ಪಾಯಖಾನೆ ಇರುವ ದೊಡ್ಡ ಹಾಲು, ಇಲ್ಲವೇ ಕುಟುಂಬಕ್ಕೆಂದು ಕೊಡುವ ಎರಡು ಬೆಡ್‌ರೂಮಿನ ಮನೆ ಹಿಡಿದರೆ ನೆಲಕ್ಕೆ ಗಾದಿ ಹಾಸಿ ಎಲ್ಲರೂ ಸಾಲಾಗಿ ಮಲಗಬಹುದು. ಗೊತ್ತುಮಾಡುವಾಗ ಫೋನಿನಲ್ಲಿ ದರ ಕೇಳುವ ಮೊದಲು ಕಮೋಡ್ ಇದೆಯೇ, ನೆಲಮಹಡಿಯೇ ಅಥವಾ ಲಿಫ್ಟ್ ಇದೆಯೇ, ಚಾಲಕರಿಗೆ ಮಲಗಲು ಜಾಗ ಉಂಟೇ, ಟಿ.ಟಿ. ನಿಲ್ಲಿಸಲು ಅಂಗಳ ಇದೆಯೇ ಎಂದು ಕೇಳಿ. ಮೊಣಕಾಲು ನೋವಿನವರಿಗೆ ಕಮೋಡ್ ಇಲ್ಲದ ರೂಮು ಎಷ್ಟು ಚಂದವಿದ್ದರೂ ಉಪಯೋಗವಿಲ್ಲ.

ಜಾಗ ಬೆಂಗಳೂರಿನ ಒಳಗೇ ಬೇಕೆಂದಿಲ್ಲ, ಬೇಡವೇ ಬೇಡ ಎನ್ನುತ್ತೇನೆ. ನೀವು ಸುರಪುರ, ತಿಂಥಣಿ ಬ್ರಿಜ್ಜು, ಲಿಂಗಸುಗೂರು, ಸಿಂಧನೂರು, ಬಳ್ಳಾರಿ ದಾಟಿ ಹಿರಿಯೂರಿನಲ್ಲಿ ದೊಡ್ಡ ಹೆದ್ದಾರಿ ಸೇರುತ್ತೀರಿ. ಒಂದೇ ಬಿರುಸಿಗೆ ಬರಬೇಡಿ, ಮೊದಲ ರಾತ್ರಿ ಬಳ್ಳಾರಿಯಲ್ಲೋ ಹಿರಿಯೂರಿನಲ್ಲೋ ಉಳಿಯಿರಿ. ಎರಡನೆಯ ದಿನ ತುಮಕೂರಿನ ಸಿದ್ಧಗಂಗೆಗೆ ಹೋಗಿ ದಾಸೋಹದಲ್ಲಿ ಊಟ ಮಾಡಿ, ನೆಲಮಂಗಲದ ಸುತ್ತ ಇಳಿದುಕೊಳ್ಳಿ. ಹಸಿರು ಮೆಟ್ರೋ 2024ರ ನವೆಂಬರಿನಿಂದ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಗಾಡಿಯನ್ನೂ ಚಾಲಕರನ್ನೂ ಇಳಿದುಕೊಂಡಲ್ಲೇ ವಿಶ್ರಾಂತಿಗೆ ಬಿಟ್ಟು, ಬಸ್ಸಿನಲ್ಲಿ ಮಾದಾವರಕ್ಕೆ ಬಂದು ಮೆಟ್ರೋ ಹತ್ತಿದರೆ ಮೆಜೆಸ್ಟಿಕ್ಕು, ಲಾಲ್‌ಬಾಗ್ ಎರಡೂ ಅದೇ ಹಳಿಯ ಮೇಲೆ ಸಿಗುತ್ತವೆ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮೆಟ್ರೋಗೆ ಬದಲಾಯಿಸಿದರೆ ವಿಧಾನಸೌಧ, ಕಬ್ಬನ್ ಪಾರ್ಕು. ಮಕ್ಕಳಿಗೆ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯವನ್ನು ತಪ್ಪದೆ ತೋರಿಸಿ, ಅಮೆರಿಕದಿಂದ ಬರುವ ಹುಡುಗನಿಗೂ ಅದು ಹಿಡಿಸುತ್ತದೆ. ನಿಲ್ದಾಣಗಳಲ್ಲಿ ಲಿಫ್ಟ್, ಶೌಚಾಲಯ ಇರುವುದರಿಂದ ಅತ್ತೆಯವರು ಧೈರ್ಯವಾಗಿ ನೀರು ಕುಡಿಯಬಹುದು. ಆಧಾರ್ ಕಾರ್ಡು ಕೈಚೀಲದಲ್ಲಿರಲಿ. ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೇಟಿಗೆ ರೊಕ್ಕ ಕೊಡಬೇಕಿಲ್ಲ.

ಬೆಂಗಳೂರು ಯಾರಿಗೂ ಅಷ್ಟು ಬೇಕಿಲ್ಲ ಎಂದಾದರೆ ಅದನ್ನು ಬಿಟ್ಟೇ ಹೋಗಬಹುದು. ಶಹಾಪುರದ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಹಿರಿಯೂರಿನಿಂದ ಮುಂದೆ ಹುಳಿಯಾರು, ನಾಗಮಂಗಲ, ಶ್ರೀರಂಗಪಟ್ಟಣದ ಮೇಲೆ ಮೈಸೂರಿಗೇ ಹೋಗುತ್ತದೆ. ಬೆಂಗಳೂರಿಗೇ ಹೋಗುವುದಾಗಿ, ಅತ್ತೆ ಮಾವನಿಗೆ ಗಾಡಿ ಪ್ರಯಾಣವೇ ಕಷ್ಟವೆನಿಸಿದರೆ ಯಾದಗಿರಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿಸಿ. ರಾತ್ರಿ ಮಲಗಿ ಹೋಗಬಹುದು, ಪಾಯಖಾನೆ ಬೋಗಿಯಲ್ಲೇ ಇರುತ್ತದೆ. ಜೊತೆಗೆ ಮೈದುನನೇ ಹೋಗಲಿ. ಅವ್ವನ ಪಕ್ಕದಲ್ಲಿ ಒಂದು ರಾತ್ರಿ ಅವನಿಗೆ ಪೂರ್ತಿ ಸಿಗುತ್ತದೆ.

ಒಲೆಯ ಚಿಂತೆ ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ವಾರ ಕಳೆದರೂ ಕೆಡುವುದಿಲ್ಲ. ಮೊಸರು, ಉಳ್ಳಾಗಡ್ಡಿ ದಾರಿಯಲ್ಲಿ ಸಿಗುತ್ತವೆ. ರೊಟ್ಟಿ ಬಡಿಯುವ ಕೆಲಸವನ್ನು ಮಾತ್ರ ನೀವೊಬ್ಬರೇ ಮೈಮೇಲೆ ಹಾಕಿಕೊಳ್ಳಬೇಡಿ, ನೆಗೆಣ್ಣಿಯನ್ನೂ ಗಂಡಸರನ್ನೂ ಕೂಡಿಸಿಕೊಳ್ಳಿ. ಪ್ರವಾಸದಲ್ಲೂ ಸೊಸೆಯರು ಒಲೆಯ ಮುಂದೆಯೇ ಕೂತರೆ ಅದು ಅವರಿಗೆ ಪ್ರವಾಸವೇ ಅಲ್ಲ. ಅತ್ತೆಯವರು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಬಿಸಿಲಿಗೆ ನಿಂತ ಗಾಡಿಯಲ್ಲಿ ಅದನ್ನು ಬಿಡಬೇಡಿ, ಬಿಸಿಗೆ ಕೆಡುತ್ತದೆ. ಹೊರಡುವ ಮೊದಲು ಒಮ್ಮೆ ಅವರ ಡಾಕ್ಟರನ್ನು ಕಂಡು ಬನ್ನಿ. ಎರಡು ಗಂಟೆಗೊಮ್ಮೆ ಗಾಡಿ ನಿಲ್ಲಿಸುವುದನ್ನು ಚಾಲಕರಿಗೆ ಮೊದಲೇ ಹೇಳಿ, ‘ಯಾರಿಗಾದರೂ ಹೋಗಬೇಕಾ’ ಎಂದು ಕೇಳಿ ನಿಲ್ಲಿಸುವುದು ಬೇಡ. ಹಾಗೆ ಕೇಳಿದರೆ ಅತ್ತೆಯೂ ಬಾಯಿ ಬಿಡುವುದಿಲ್ಲ, ಮಗಳೂ ಬಿಡುವುದಿಲ್ಲ. ಪೆಟ್ರೋಲ್ ಬಂಕುಗಳು ಶೌಚಾಲಯವನ್ನು ಜನರಿಗೆ ಪುಕ್ಕಟೆ ಕೊಡಬೇಕೆಂಬ ನಿಯಮವಿದೆ, ಸಂಕೋಚವಿಲ್ಲದೆ ಕೇಳಿ. ಮಡಚುವ ಕಮೋಡ್ ಕುರ್ಚಿ ಮೆಡಿಕಲ್ ಅಂಗಡಿಗಳಲ್ಲಿ ಸಿಗುತ್ತದೆ, ಒಂದನ್ನು ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಮಗಳಿಗೆ ಬೇಕಾದದ್ದನ್ನು ಅವಳದೇ ಒಂದು ಚೀಲದಲ್ಲಿ ಇಟ್ಟುಕೊಡಿ.

ಈಗ ಮಾತಾಡುವುದು ಹೇಗೆ ಎಂಬುದು. ಎಲ್ಲರೂ ಕೂತಿರುವಾಗ ಎತ್ತಬೇಡಿ, ಮೈದುನ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ, ಅತ್ತೆ ತಕ್ಷಣ ‘ನಂದೇನಿಲ್ಲ’ ಎಂದು ಮುಗಿಸಿಬಿಡುತ್ತಾರೆ. ಮೊದಲು ಅತ್ತೆಯವರ ಹತ್ತಿರ ಒಬ್ಬರೇ ಕೂತು ಹೋದ ವರ್ಷದ ಜ್ವರದ ಮಾತು ತೆಗೆಯಿರಿ. ರಾತ್ರಿ ಎಷ್ಟು ಸಲ ಏಳುತ್ತೀರಿ, ಗಾಡಿ ಹತ್ತಿ ಇಳಿಯಲು ಆಗುತ್ತದೆಯೇ ಎಂದು ಕೇಳಿ. ಅವರು ಹೇಳಿದ್ದನ್ನು ಯಜಮಾನರ ಮುಂದೆ ಹಾಗೆಯೇ ಇಡಿ. ಮುಂದಿನ ಕೆಲಸ ಅವರದು. ತಾಯಿಯ ವಿಷಯವನ್ನು ತಮ್ಮನಿಗೆ ಹೇಳಬೇಕಾದವರು ಮಗ. ಅದನ್ನು ಸೊಸೆಯ ಬಾಯಿಂದ ಹೇಳಿಸಿ, ಆಮೇಲೆ ಸೊಸೆ ಅಡ್ಡ ಬಂದಳು ಎನ್ನುವುದು ನ್ಯಾಯವಲ್ಲ. ಹೀಗೆಂದು ನಾನು ಬರೆದಿದ್ದೇನೆ ಎಂದು ಈ ಪುಟವನ್ನೇ ಅವರ ಕೈಗೆ ಕೊಡಿ.

ಇಷ್ಟಾದ ಮೇಲೂ ಗಾಡಿಯಲ್ಲೇ ಮಲಗುವುದು ಎಂದು ಹಟ ಹಿಡಿದರೆ, ಅತ್ತೆ, ಮಗಳು ಮತ್ತು ನೀವು ರೂಮಿನಲ್ಲಿ ಉಳಿಯುವುದಾಗಿ ಗಟ್ಟಿಯಾಗಿ ಹೇಳಿ, ಅಡುಗೆ ಸಿಲಿಂಡರು ಹತ್ತುವ ಗಾಡಿಗೆ ಮಕ್ಕಳನ್ನು ಹತ್ತಿಸಬೇಡಿ. ದಸರಾ ಹೊತ್ತಿಗೆ ಮೈಸೂರಿನಲ್ಲಿ ರೂಮು ಸಿಗುವುದು ಕಷ್ಟ. ಯಜಮಾನರ ಜೊತೆ ಈ ವಾರವೇ ಮಾತಾಡಿ.