ನವೀಕರಿಸಬಹುದಾದ ವಿದ್ಯುತ್ ಖರೀದಿ ಬಾಧ್ಯತೆ: ಮಹಾರಾಷ್ಟ್ರದ ನಿದರ್ಶನ

ವಿದ್ಯುತ್ ವಿತರಣಾ ಕಂಪನಿಗಳು ಪೂರೈಸುವ ವಿದ್ಯುತ್ತಿನಲ್ಲಿ ನಿಗದಿತ ಪಾಲು ಸೌರ, ಪವನ, ಜಲ ಮೊದಲಾದ ಮೂಲಗಳದ್ದಾಗಿರಬೇಕೆಂಬ ಕಾನೂನುಬದ್ಧ ಕಟ್ಟುಪಾಡೇ ಈ ಬಾಧ್ಯತೆ.

ಕಾನೂನು: 2003ರ ವಿದ್ಯುತ್ ಕಾಯ್ದೆಯ ಕಲಂ 86(1)(ಇ) ಈ ಪಾಲನ್ನು ಗೊತ್ತುಪಡಿಸುವ ಅಧಿಕಾರವನ್ನು ರಾಜ್ಯ ವಿದ್ಯುತ್ ನಿಯಂತ್ರಣ ಆಯೋಗಗಳಿಗೆ ನೀಡಿದೆ. 2022ರಲ್ಲಿ ತಿದ್ದುಪಡಿಯಾದ ಇಂಧನ ಸಂರಕ್ಷಣಾ ಕಾಯ್ದೆಯಡಿ ಕೇಂದ್ರವು 2023ರ ಅಕ್ಟೋಬರ್‌ನಲ್ಲಿ ಈ ಪಾಲಿನ ಗುರಿಗಳ ಅಧಿಸೂಚನೆ ಹೊರಡಿಸಿತು.

ಗುರಿ: 2024-25ಕ್ಕೆ ಶೇ. 29.91, 2029-30ಕ್ಕೆ ಶೇ. 43.33. ಅಂದರೆ 2029-30ರಲ್ಲಿ ಪ್ರತಿ 100 ಯೂನಿಟ್‌ನಲ್ಲಿ 43ಕ್ಕೂ ಹೆಚ್ಚು ಯೂನಿಟ್ ಹಸಿರು ವಿದ್ಯುತ್ ಇರಬೇಕು. ತಪ್ಪಿದರೆ ದಂಡ.

ಸೊಲ್ಲಾಪುರ: ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ ತಾಲ್ಲೂಕಿನಲ್ಲಿ ಎನ್‌ಟಿಪಿಸಿಯ 1,320 ಮೆಗಾವ್ಯಾಟ್ (660×2) ಕಲ್ಲಿದ್ದಲು ಸ್ಥಾವರವಿದೆ. ಆದರೂ ಇಲ್ಲಿ ವಿದ್ಯುತ್ ವಿತರಿಸುವ ಮಹಾವಿತರಣ ಕಂಪನಿಗೂ ಈ ಬಾಧ್ಯತೆ ಅನ್ವಯಿಸುತ್ತದೆ. ಈ ಪಾಲು ತುಂಬಲು ನೆರವಾಗುವ 2017ರ ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆಯು ಕೃಷಿ ಫೀಡರ್‌ಗಳಿಗೆ ಸೌರಶಕ್ತಿ ಜೋಡಿಸಿ, ರೈತರ ಪಂಪ್‌ಸೆಟ್‌ಗಳಿಗೆ ಹಗಲಲ್ಲೇ ವಿದ್ಯುತ್ ಕೊಡುವ ಉದ್ದೇಶ ಹೊಂದಿದೆ. ರಾತ್ರಿ ನೀರು ಹಾಯಿಸುವ ಕಷ್ಟ ತಪ್ಪಿಸುವುದರಿಂದ ಇದು ರೈತಪರ ಕ್ರಮವೂ ಹೌದು.

ನೆನಪಿಡಿ: ಹಸಿರು ವಿದ್ಯುತ್ ಕಡಿಮೆ ಬಿದ್ದ ಕಂಪನಿಗಳು ನವೀಕರಿಸಬಹುದಾದ ಇಂಧನ ಪ್ರಮಾಣಪತ್ರ ಖರೀದಿಸಬಹುದು. ಒಂದು ಪ್ರಮಾಣಪತ್ರ 1 ಮೆಗಾವ್ಯಾಟ್-ಗಂಟೆಗೆ, ಅಂದರೆ 1,000 ಯೂನಿಟ್‌ಗೆ ಸಮ.