ಗುಡ್ಡದ ಮೇಲೆ ರೆಸಾರ್ಟು, ಕೆಳಗೆ ನಮ್ಮ ತೋಟ
ಮನೆ–ಜಮೀನು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮಗೆ ಮೂರು ಎಕರೆ ಅಡಿಕೆ ತೋಟವಿದೆ. ಅದರ ಮೇಲುಗಡೆ, ಗುಡ್ಡಕ್ಕೆ ಅಂಟಿಕೊಂಡಂತೆ ಎರಡು ಎಕರೆ ಖುಷ್ಕಿ. ಬರೀ ಕಲ್ಲು, ಮಳೆಯಾದ ವರ್ಷ ಒಂದಿಷ್ಟು ಹುರುಳಿ ಅಷ್ಟೇ. ಈಗ ಬೆಂಗಳೂರಿನವರೊಬ್ಬರು ಬಂದು, 'ಇಲ್ಲಿಂದ ಕೆರೆ ಚೆನ್ನಾಗಿ ಕಾಣುತ್ತೆ, ರೆಸಾರ್ಟ್ ಮಾಡ್ತೀವಿ' ಅಂತ ನಾವು ಎಣಿಸಿಯೇ ಇರದ ಬೆಲೆ ಹೇಳುತ್ತಿದ್ದಾರೆ. ಸದ್ಯಕ್ಕೆ ಅಗ್ರಿಮೆಂಟು, ಜಿಪಿಎ ಮಾಡಿಕೊಡಿ, ಅಲಿನೇಷನ್ ನಾವೇ ಮಾಡಿಸಿಕೊಳ್ಳುತ್ತೇವೆ ಅನ್ನುತ್ತಾರೆ. ತಮ್ಮ ಕೊಟ್ಟುಬಿಡೋಣ ಅನ್ನುತ್ತಾನೆ. ನನಗೆ ರಾತ್ರಿ ನಿದ್ದೆ ಇಲ್ಲ.
— ಅಡಿಕೆ ಬೆಳೆಗಾರರು, ಭೀಮಸಮುದ್ರ

ಉತ್ತರ: ಹುರುಳಿ ಬೆಳೆಯುವ ಹೊಲಕ್ಕೆ ಯಾರೋ ದೊಡ್ಡ ಬೆಲೆ ಹೇಳಿದಾಗ ಸಂತೋಷದ ಜೊತೆಗೆ ಭಯವೂ ಆಗುವುದು ಸಹಜ. ನೀವಿನ್ನೂ ಎಲ್ಲಿಯೂ ಸಹಿ ಹಾಕಿಲ್ಲ. ಹಾಗಾಗಿ ಯಾವುದೂ ಕೈಮೀರಿಲ್ಲ, ಸಮಾಧಾನವಾಗಿ ಯೋಚಿಸೋಣ.

ಕೊಳ್ಳುವವರು ಕೃಷಿಕರಲ್ಲ ಎಂಬ ಕಾರಣಕ್ಕೆ ಈಗ ವ್ಯವಹಾರ ನಿಲ್ಲುವುದಿಲ್ಲ. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳನ್ನು 2020ರಲ್ಲಿ ತೆಗೆದುಹಾಕಿದ ಮೇಲೆ ಆ ಬಾಗಿಲು ತೆರೆದಿದೆ. ನಿಮ್ಮ ಊರಿಗೆ ಕಾರುಗಳು ಬರತೊಡಗಿದ್ದಕ್ಕೆ ಅದೂ ಒಂದು ಕಾರಣ.

ನನಗೆ ಇಷ್ಟವಾಗದ ಮಾತು ಜಿಪಿಎ (ನಿಮ್ಮ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ). ಜಿಪಿಎ ಬರೆದುಕೊಟ್ಟ ಮಾತ್ರಕ್ಕೆ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆದರೆ ಅದನ್ನು ಹಿಡಿದುಕೊಂಡು ಅವರು ಕಚೇರಿಯಿಂದ ಕಚೇರಿಗೆ ನಿಮ್ಮ ಹೆಸರಿನಲ್ಲೇ ಓಡಾಡಬಹುದು, ಅರ್ಜಿ ಕೊಡಬಹುದು, ಕೆಲಸ ಶುರುಮಾಡಬಹುದು. ನಾಳೆ ಏನಾದರೂ ಎಡವಟ್ಟಾದರೆ ನೋಟಿಸು ಬರುವುದು ಪಹಣಿಯಲ್ಲಿ ಹೆಸರಿರುವ ನಿಮಗೆ. ಕೊಡುವುದೇ ಆದರೆ ನೋಂದಾಯಿತ ಅಗ್ರಿಮೆಂಟು ಸಾಕು. ಅದರಲ್ಲಿ ಗಡುವು ಇರಲಿ, ಗಡುವು ಮೀರಿದರೆ ಮುಂಗಡದ ಗತಿ ಏನೆಂದು ಬರೆದಿರಲಿ. ಪೂರ್ತಿ ಹಣ ಬಂದು ಕ್ರಯಪತ್ರ ಆಗುವವರೆಗೆ ಸ್ವಾಧೀನ ಬಿಟ್ಟುಕೊಡಬೇಡಿ.

'ಮಾರುವುದೇ ಬೇಡ, ಲೀಸಿಗೆ ಕೊಡೋಣ' ಎಂಬ ಯೋಚನೆಯೂ ನಿಮಗೆ ಬಂದಿರಬಹುದು. ಭೂಮಿ ಮನೆಯಲ್ಲೇ ಉಳಿಯುತ್ತದಲ್ಲ! ಆದರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆ ನಿಷೇಧಿಸಿದೆ. 1974ರಿಂದೀಚೆಗೆ ಉಳುವವನೇ ಒಡೆಯನಾದ ಕಥೆ ನಿಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿರುತ್ತದೆ. ಭೂ ಪರಿವರ್ತನೆ (ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿ ಕೊಡುವ ಆದೇಶ, ಜನ ಅಲಿನೇಷನ್ ಅನ್ನುವುದು ಇದನ್ನೇ) ಆದ ಮೇಲಷ್ಟೇ ಲೀಸಿನ ಮಾತು. ಪರಿವರ್ತನೆಯಾದ ಜಮೀನನ್ನು ಮಾರಿದರೆ ಆದಾಯ ತೆರಿಗೆಯ ಲೆಕ್ಕವೂ ಬೇರೆಯಾಗುತ್ತದೆ. ಹಳ್ಳಿಯ ಕೃಷಿ ಜಮೀನಿನ ಮಾರಾಟಕ್ಕಿರುವ ವಿನಾಯಿತಿ ಆಗ ಸಿಗುವುದಿಲ್ಲ. ಆದ್ದರಿಂದ ಅಲಿನೇಷನ್ ಯಾರ ಹೆಸರಿನಲ್ಲಿ, ಯಾವಾಗ ಎಂಬುದನ್ನು ಆಡಿಟರ್ ಹತ್ತಿರ ಕೇಳಿಕೊಂಡೇ ಮುಂದುವರಿಯಿರಿ.

ಈಗ ಪಹಣಿಯನ್ನೊಮ್ಮೆ ಎದುರಿಗಿಟ್ಟುಕೊಳ್ಳಿ. 9ನೇ ಕಾಲಂನಲ್ಲಿ ಇನ್ನೂ ತಂದೆಯವರ ಹೆಸರೇ ಇದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಬದಲಾವಣೆ) ಆಗಬೇಕು. ಪಿತ್ರಾರ್ಜಿತವಾದರೆ ಅಣ್ಣತಮ್ಮಂದಿರ ಸಹಿ ಸಾಲದು, ಮದುವೆಯಾಗಿ ಹೋದ ಅಕ್ಕತಂಗಿಯರಿಗೂ ಸಮಪಾಲು ಇದೆ. ಅವರನ್ನು ಕೂರಿಸಿಕೊಂಡು ಮಾತಾಡದೆ ಮುಂದೆ ಹೆಜ್ಜೆ ಇಡಬೇಡಿ. ಆಮೇಲೆ ಖರಾಬು. ಗುಡ್ಡದಂಚಿನ ಸರ್ವೆ ನಂಬರುಗಳಲ್ಲಿ ಇದು ಇದ್ದೇ ಇರುತ್ತದೆ. 'ಎ' ಖರಾಬು ಸಾಗುವಳಿಗೆ ಬಾರದ ನಿಮ್ಮದೇ ನೆಲ. 'ಬಿ' ಖರಾಬು ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು, ನೀವು ಮಾರುವಂತಿಲ್ಲ. ಎರಡು ಎಕರೆಯಲ್ಲಿ ಇದು ಎಷ್ಟು ಗುಂಟೆ ಎಂದು ತಿಳಿಯದೆ ದರ ಕುದುರಿಸಬೇಡಿ. ಜಮೀನು ಎಂದಾದರೂ ಸರ್ಕಾರದಿಂದ ಮಂಜೂರಾದದ್ದಾದರೆ ಮಂಜೂರಾತಿ ಆದೇಶದ ಷರತ್ತು ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಭೂಮಿಗೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಸರ್ಕಾರದ ಅನುಮತಿ ಇಲ್ಲದ ಮಾರಾಟ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಭೂಮಿ ವಾಪಸು ಕೇಳಲು ಕಾಲಮಿತಿ ಇಲ್ಲವೆಂದು 2023ರ ತಿದ್ದುಪಡಿ ಹೇಳಿದೆ.

ಕಾಗದದ ಮಾತು ಇಷ್ಟು. ನಿಮ್ಮ ನಿದ್ದೆ ಕೆಡಿಸಿರುವುದು ಬೇರೆ ಇರಬೇಕು ಎಂದು ನನ್ನ ಊಹೆ. ಗುಡ್ಡ ಮಾರಿದ ಮೇಲೂ ತೋಟ ಅದರ ಕೆಳಗೇ ಇರುತ್ತದೆ. ರೆಸಾರ್ಟಿಗೆ ದಾರಿ ಎಲ್ಲಿಂದ? ಗ್ರಾಮ ನಕಾಶೆಯಲ್ಲಿ ದಾರಿ ಇಲ್ಲದಿದ್ದರೆ ಅದು ನಿಮ್ಮ ಅಡಿಕೆ ಸಾಲುಗಳ ನಡುವೆಯೇ ಹಾಯಬೇಕು. ಕೊಯ್ಲಿನ ದಿನ ಗೊನೆ ತುಂಬಿದ ಟ್ರ್ಯಾಕ್ಟರ್ ಅಡ್ಡ ನಿಂತಿರುವಾಗ ಹಿಂದಿನಿಂದ ಅತಿಥಿಗಳ ಕಾರು ಹಾರ್ನ್ ಹೊಡೆಯುವುದನ್ನು ಈಗಲೇ ಊಹಿಸಿಕೊಳ್ಳಿ. ಮೇಲೆ ಅವರು ಕೊಳವೆಬಾವಿ ಕೊರೆಸಿದರೆ ನಿಮ್ಮದರ ಗತಿಯೇನು? ಬಚ್ಚಲು, ಅಡುಗೆಮನೆಯ ನೀರು ಇಳಿಜಾರಿನಲ್ಲಿ ಎಲ್ಲಿಗೆ ಹೋಗುತ್ತದೆ? ನೀರು ನಿಂತರೆ ಅಡಿಕೆಯ ಬೇರು ಕೊಳೆಯುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ದಾರಿಯ ಅಗಲ, ಕೊಳವೆಬಾವಿ ಎಲ್ಲಿ, ಕೊಳಚೆ ಇಂಗುವ ಗುಂಡಿ ಎಲ್ಲಿ, ಮಳೆನೀರಿನ ಕಾಲುವೆ ಯಾವ ಕಡೆ: ಈ ನಾಲ್ಕನ್ನೂ ಕ್ರಯಪತ್ರದಲ್ಲಿ ಚಕ್ಕುಬಂದಿಯಷ್ಟೇ ಸ್ಪಷ್ಟವಾಗಿ ಬರೆಸಿ. ಬಾಯಿಮಾತಿಗೆ ಒಪ್ಪಬೇಡಿ.

ಗುಡ್ಡ ಬಗೆದರೆ ಕುಸಿಯುತ್ತದೆಯೇ ಎಂಬ ಹೆದರಿಕೆಯೂ ಇರಬಹುದು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದದ್ದನ್ನು ಎಲ್ಲರೂ ಟಿವಿಯಲ್ಲಿ ನೋಡಿದ್ದೇವೆ. ಉತ್ತರಾಖಂಡದಲ್ಲಿ ಔಲಿ ಎಂಬ ಹಿಮದ ಇಳಿಜಾರಿದೆ, ಸ್ಕೀಯಿಂಗ್‌ಗೆ (ಹಿಮದ ಮೇಲೆ ಜಾರುವ ಆಟ) ಹೆಸರಾದದ್ದು. ಅದರ ಕೆಳಗಿನ ಜೋಶಿಮಠ ಪಟ್ಟಣದಲ್ಲಿ ಭಾರೀ ಕಟ್ಟಡ ಬೇಡವೆಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಮನೆಗಳು ಬಿರುಕುಬಿಟ್ಟು, ಔಲಿಗೆ ಹೋಗುವ ರೋಪ್‌ವೇ ಕೂಡ ನಿಂತಿತು. ನಮ್ಮ ಬಯಲುಸೀಮೆಯಲ್ಲಿ ಕೊಡಗಿನ ಮಳೆಯೂ ಇಲ್ಲ, ಹಿಮಾಲಯದ ಸಡಿಲ ಮಣ್ಣೂ ಇಲ್ಲ. ಅಷ್ಟು ಹೆದರಬೇಕಿಲ್ಲ. ಆದರೂ ಜೆಸಿಬಿ ಬಗೆದ ಸಡಿಲ ಮಣ್ಣು ಒಂದು ಜೋರು ಮಳೆಗೆ ನಿಮ್ಮ ತೋಟಕ್ಕೆ ಇಳಿಯಬಾರದಲ್ಲ, ತಡೆಗೋಡೆಯ ಷರತ್ತನ್ನೂ ಸೇರಿಸಿ.

ಪ್ರಶ್ನೆ: ಮುಂದಿನ ವರ್ಷ ನಿವೃತ್ತಿ. ವಾಣಿವಿಲಾಸ ಸಾಗರದ ಹಿನ್ನೀರಿನ ಬದಿಯಲ್ಲಿ ಒಂದು ಸೈಟು ತೋರಿಸಿದ್ದಾರೆ. ಮನೆ ಮುಂದೆಯೇ ನೀರು ಕಾಣುತ್ತದಂತೆ. ಬೆಲೆಯೂ ಕಡಿಮೆ. 'ಇಲ್ಲಿಗೆ ನೀರು ಬಂದದ್ದು ತಾತನ ಕಾಲದಲ್ಲಿ' ಅನ್ನುತ್ತಾರೆ ಮಧ್ಯವರ್ತಿ. ನಿವೃತ್ತಿಯ ಹಣ ಹಾಕಬಹುದೇ?
— ಶಿಕ್ಷಕಿ, ಹೊಸದುರ್ಗ

ಉತ್ತರ: ಜೀವಮಾನದ ದುಡಿಮೆಯ ಹಣ, ಹಾಗಾಗಿ ನಿಮ್ಮ ಹಿಂಜರಿಕೆ ಸರಿಯಾಗಿದೆ. ನೀರಿನ ಬದಿಯಲ್ಲಿ ಬದುಕುವ ಆಸೆಯಲ್ಲೂ ತಪ್ಪಿಲ್ಲ, ಅದನ್ನು ಕೈಬಿಡಿ ಎಂದು ನಾನು ಹೇಳುವುದಿಲ್ಲ.

ಮಧ್ಯವರ್ತಿಯ ಮಾತು 2022ರವರೆಗೆ ನಿಜವಿತ್ತು. ವೇದಾವತಿಗೆ ಮಾರಿಕಣಿವೆಯಲ್ಲಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿತ್ತು. ಆಮೇಲೆ 89 ವರ್ಷ ತುಂಬಲೇ ಇಲ್ಲ. ಅಷ್ಟರಲ್ಲಿ ಎರಡು ಮೂರು ತಲೆಮಾರು ಕಳೆದು, ನೀರು ನಿಲ್ಲಬೇಕಾದ ನೆಲವೆಲ್ಲ ಹೊಲ, ತೆಂಗಿನ ತೋಟ ಆಗಿದ್ದವು. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕೋಡಿ ಬಿದ್ದಾಗ ನಿಮ್ಮ ತಾಲ್ಲೂಕಿನ ಹಿನ್ನೀರಿನ ಹಳ್ಳಿಗಳ ತೋಟಗಳಿಗೆ ನೀರು ನುಗ್ಗಿತು. 2025ರ ಜನವರಿಯಲ್ಲಿ ಇನ್ನೊಮ್ಮೆ ತುಂಬಿತು. ಮಳೆಯೊಂದೇ ಇದಕ್ಕೆ ಕಾರಣವಲ್ಲ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಈ ಜಲಾಶಯಕ್ಕೆ ಸೇರುತ್ತಿದೆ. ಅಂದರೆ ತಾತನ ಕಾಲದ ಲೆಕ್ಕ ಮೊಮ್ಮಕ್ಕಳ ಕಾಲಕ್ಕೆ ಒಗ್ಗುವುದಿಲ್ಲ.

ಜಲಾಶಯದ ಪೂರ್ಣಮಟ್ಟ 130 ಅಡಿ. ನೀವು ನೋಡಿದ ಸೈಟು ಆ ಮಟ್ಟಕ್ಕಿಂತ ಮೇಲಿದೆಯೋ ಕೆಳಗಿದೆಯೋ ಎಂಬುದೊಂದೇ ಇಲ್ಲಿ ಮುಖ್ಯ. ಒಂದು ಬೆಳಿಗ್ಗೆ ಮಧ್ಯವರ್ತಿ ಇಲ್ಲದೆ ಹೋಗಿ ಬನ್ನಿ. ಸುತ್ತ ನಿಂತಲ್ಲೇ ಒಣಗಿದ ತೆಂಗುಗಳಿವೆಯೇ, ಬೊಡ್ಡೆಗಳಲ್ಲಿ ಕೆಸರಿನ ಗೆರೆ ಇದೆಯೇ, ಜಾಲಿಯ ಮುಳ್ಳಿಗೆ ನೆಲದಿಂದ ಎತ್ತರದಲ್ಲಿ ಕಸ, ಪ್ಲಾಸ್ಟಿಕ್ ಸಿಕ್ಕಿಕೊಂಡಿದೆಯೇ ನೋಡಿ. ಅಲ್ಲಿ ದನ ಮೇಯಿಸುವವರನ್ನು ಮಾತಾಡಿಸಿ. ಅವರಿಗೆ ಕಮಿಷನ್ ಇರುವುದಿಲ್ಲ.

ನಂತರ ದಾಖಲೆ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಸಿಗುತ್ತದೆ. ಆಕಾರಬಂದ್ (ಸರ್ವೆ ನಂಬರಿನ ಮೂಲ ವಿಸ್ತೀರ್ಣದ ದಾಖಲೆ) ತೆಗೆಸಿ. ಆ ಸರ್ವೆ ನಂಬರಿನಲ್ಲಿ ಎಷ್ಟು ಭಾಗ ಮುಳುಗಡೆಗೆ ಸ್ವಾಧೀನವಾಗಿದೆ ಎಂದು ಕೇಳಿ ಅಣೆಕಟ್ಟಿನ ಉಸ್ತುವಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಸೈಟಿಗೆ ಪಂಚಾಯಿತಿಯ ಇ-ಸ್ವತ್ತಿನಲ್ಲಿ (ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಇದೆಯೇ ಕೇಳಿ. ಇವು ಕೈಗೆ ಬರುವ ಮೊದಲು ಟೋಕನ್ ಅಡ್ವಾನ್ಸ್ ಎಂದು ಒಂದು ಸಾವಿರವನ್ನೂ ಕೊಡಬೇಡಿ. 'ಇನ್ನೊಬ್ಬರು ಕಾಯುತ್ತಿದ್ದಾರೆ' ಎಂದರೆ, ಅವರಿಗೇ ಕೊಡಿ ಎಂದು ನಗುತ್ತಾ ಹೇಳಿ ಬನ್ನಿ.

ಪ್ರಶ್ನೆ: ಮಗ ಕೆನಡಾದ ಬ್ಯಾನ್ಫ್ ಎಂಬ ಊರಿನ ಹೋಟೆಲಿನಲ್ಲಿ ಕೆಲಸದಲ್ಲಿದ್ದಾನೆ. ಬೆಟ್ಟ, ಹಿಮ, ಸ್ಕೀಯಿಂಗ್‌ಗೆ ಜನ ಬರುವ ಊರಂತೆ. ಬಾಡಿಗೆ ವಿಪರೀತ, ಒಂದು ಕೋಣೆಯಲ್ಲಿ ಮೂವರು ಇರುತ್ತಾರೆ. 'ಊರಿನ ತೋಟ ಮಾರಿ ಹಣ ಕಳಿಸಿ, ಇಲ್ಲೇ ಮನೆ ಮಾಡುತ್ತೇನೆ' ಅನ್ನುತ್ತಿದ್ದಾನೆ. ಅಲ್ಲಿ ಮಣ್ಣು ನಮ್ಮ ಹೆಸರಿಗೆ ಬರುವುದಿಲ್ಲ ಎಂದೂ ಯಾರೋ ಹೇಳಿದರು. ತೋಟ ನನ್ನ ಹೆಸರಲ್ಲಿದೆ. ಏನು ಮಾಡಲಿ?
— ತಾಯಿ, ಹೊಳಲ್ಕೆರೆ ತಾಲ್ಲೂಕು

ಉತ್ತರ: ಅಮ್ಮಾ, ದೂರದಲ್ಲಿರುವ ಮಗ ಇಕ್ಕಟ್ಟಿನ ಕೋಣೆಯಲ್ಲಿದ್ದಾನೆ ಎಂದರೆ ಇಲ್ಲಿ ನಿಮಗೆ ಅನ್ನ ಸೇರುವುದಿಲ್ಲ. ಅವನ ಕಷ್ಟ ನಿಜ. ಪ್ರವಾಸಿಗರಿಂದಲೇ ಬದುಕುವ ಬೆಟ್ಟದ ಊರುಗಳಲ್ಲೆಲ್ಲ ಹಾಸಿಗೆ ಹಾಸಿಕೊಡುವವರಿಗೇ ಮಲಗಲು ಜಾಗ ಸಿಗುವುದಿಲ್ಲ. ಇದು ಅವನೊಬ್ಬನ ಸೋಲು ಎಂದು ನೀವೂ ತಿಳಿಯಬೇಡಿ, ಅವನಿಗೂ ಹಾಗೆ ಅನ್ನಿಸಲು ಬಿಡಬೇಡಿ.

ನೀವು ಕೇಳಿದ ಸುದ್ದಿಯೂ ನಿಜ. ಬ್ಯಾನ್ಫ್ ಇರುವುದು ಆ ದೇಶದ ರಾಷ್ಟ್ರೀಯ ಉದ್ಯಾನದೊಳಗೆ. ನೆಲ ಸರ್ಕಾರದ್ದು, ಮನೆಯವರಿಗೆ ಸಿಗುವುದು ದೀರ್ಘಾವಧಿ ಗುತ್ತಿಗೆ. ಅಲ್ಲಿ ವಾಸಿಸಲು 'ಅರ್ಹ ನಿವಾಸಿ' ಆಗಿರಬೇಕು, ಮುಖ್ಯವಾಗಿ ಆ ಊರಿನಲ್ಲೇ ಕೆಲಸವೋ ವ್ಯಾಪಾರವೋ ಇರಬೇಕು. ಇದರಲ್ಲಿ ಮೋಸವಿಲ್ಲ. ಹಣವಂತರು ರಜೆಯ ಮನೆ ಕೊಂಡು ಬೀಗ ಹಾಕಿ ಹೋಗದಿರಲಿ, ದುಡಿಯುವವರಿಗೆ ಸೂರು ಸಿಗಲಿ ಎಂದು ಮಾಡಿದ ನಿಯಮ. ಸ್ವಿಟ್ಜರ್ಲೆಂಡಿನವರೂ 2012ರಲ್ಲಿ ಮತ ಹಾಕಿ, ಒಂದು ಊರಿನ ಮನೆಗಳಲ್ಲಿ ಇಂಥ ಎರಡನೇ ಮನೆಗಳು ಶೇ 20 ಮೀರಬಾರದು ಎಂದು ತೀರ್ಮಾನಿಸಿದರು. ನಮ್ಮ ಹಿಮಾಚಲದಲ್ಲಿ ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಭೂಮಿ ಕೊಳ್ಳುವಂತಿಲ್ಲ. ಕರ್ನಾಟಕ 2020ರಲ್ಲಿ ಇದಕ್ಕೆ ತದ್ವಿರುದ್ಧ ದಾರಿ ಹಿಡಿಯಿತು. ಇದು ನನ್ನ ಮನಸ್ಸಿಗೆ ಒಪ್ಪಿದ ತೀರ್ಮಾನವಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಬ್ಯಾನ್ಫ್‌ನ ನಿಯಮ ಹೀಗಿರುವಾಗ, ಕೆಲಸ ಬಿಟ್ಟರೆ ಮಗನ ಮನೆಯ ಕಥೆ ಏನು? ಇದನ್ನು ಅವನಿಗೇ ಕೇಳಿ. ಉತ್ತರ ಅವನ ಬಳಿ ಕಾಗದದಲ್ಲಿ ಇರಲಿ. ಕೆಲಸಗಾರರಿಗೆಂದೇ ಇರುವ ವಸತಿಯ ಸರದಿಗೆ ಹೆಸರು ಹಚ್ಚಿದ್ದಾನೆಯೇ ಎಂದೂ ವಿಚಾರಿಸಿ.

ತೋಟದ ವಿಷಯದಲ್ಲಿ ನೀವು ತಿಳಿದಿರಬೇಕಾದ್ದು ಒಂದಿದೆ. ಅನಿವಾಸಿ ಭಾರತೀಯರು ಇಲ್ಲಿ ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳಲು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಬಿಡುವುದಿಲ್ಲ. ಆದರೆ ತಂದೆತಾಯಿಯಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಇಂದು ನೀವು ಮಾರಿದರೆ, ಅಲ್ಲಿದ್ದುಕೊಂಡು ಅವನು ಇನ್ನೊಂದು ತೋಟ ಕೊಳ್ಳಲಾರ. ಉಳಿಸಿದರೆ ಅದು ಅವನಿಗೇ ಬರುತ್ತದೆ. ಈ ವ್ಯತ್ಯಾಸವನ್ನು ಫೋನಿನಲ್ಲಿ ನಿಧಾನವಾಗಿ ವಿವರಿಸಿ, ಬೈಯಬೇಡಿ. ಸದ್ಯಕ್ಕೆ ಅವನ ಬಾಡಿಗೆಗೆ ಅಡಿಕೆಯ ಹಣದಲ್ಲಿ ಒಂದಿಷ್ಟು ಬ್ಯಾಂಕಿನ ಮೂಲಕವೇ ಕಳಿಸಬಹುದು. ಮಾರುವ ತೀರ್ಮಾನ ಅವನು ರಜೆಗೆ ಬಂದಾಗ ಎದುರು ಕೂತು ಆಗಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ, ಊರು ಚಿತ್ರದುರ್ಗ. ಜೋಗಿಮಟ್ಟಿಯ ತಪ್ಪಲಿನಲ್ಲಿ ಐದು ಗುಂಟೆಯ 'ಫಾರ್ಮ್ ಪ್ಲಾಟ್' ಮಾರುತ್ತಿದ್ದಾರೆ. ಸಣ್ಣ ಕಾಟೇಜ್ ಕಟ್ಟಿ ವಾರಾಂತ್ಯಕ್ಕೆ ಬಾಡಿಗೆಗೆ ಕೊಡಬಹುದು ಅನ್ನುತ್ತಾರೆ. ನಿಜವೇ?

ಉತ್ತರ: ಊರಿನ ಬೆಟ್ಟದ ಪಕ್ಕ ಒಂದು ಗೂಡು ಬೇಕೆನಿಸುವುದು ಒಳ್ಳೆಯ ಆಸೆ. ಆದರೆ ಈ ಮಾತಿನಲ್ಲಿ ಎರಡು ತೊಡಕುಗಳಿವೆ.

ಕೃಷಿ ಜಮೀನಿನಲ್ಲಿ ಪರಿವರ್ತನೆ ಇಲ್ಲದೆ ಕಟ್ಟಬಹುದಾದದ್ದು ರೈತನ ಸ್ವಂತ ಬಳಕೆಯ ತೋಟದ ಮನೆ ಮಾತ್ರ, ಅದೂ ಹಿಡುವಳಿಯ ಶೇ 10ರೊಳಗೆ. ಐದು ಗುಂಟೆಗೆ ಅರ್ಧ ಗುಂಟೆ. ಅದನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟರೆ ತೋಟದ ಮನೆ ಅನ್ನಿಸಿಕೊಳ್ಳುವುದಿಲ್ಲ. ಅಲ್ಲದೆ ಇಂಥ ಪ್ಲಾಟುಗಳಲ್ಲಿ ನಿಮಗೆ ಸಿಗುವುದು ಎಷ್ಟೋ ಸಲ ಜಂಟಿ ಖಾತೆಯ ಒಂದು ಪಾಲು. ನಿಮ್ಮ ತುಂಡಿಗೆ ಪ್ರತ್ಯೇಕ 11ಇ ನಕ್ಷೆ (ಸರ್ವೆ ನಂಬರಿನ ಒಂದು ಭಾಗ ಮಾರಲು ಬೇಕಾದ ಸರ್ವೆ ನಕ್ಷೆ), ಪೋಡಿ (ಪಹಣಿ ಮತ್ತು ನಕ್ಷೆ ಬೇರ್ಪಡಿಸುವುದು) ಆಗುತ್ತದೆಯೇ ಕೇಳಿ.

ಇನ್ನೊಂದು, ಜೋಗಿಮಟ್ಟಿ ವನ್ಯಜೀವಿಧಾಮ. ಅದರ ಸುತ್ತಲ ಪರಿಸರ ಸೂಕ್ಷ್ಮ ವಲಯದಲ್ಲಿ (ಕಾಡಿನಂಚಿನ ನಿರ್ಬಂಧಿತ ಪ್ರದೇಶ) ಹೊಸ ರೆಸಾರ್ಟು, ಹೋಟೆಲುಗಳಿಗೆ ಕಟ್ಟುಪಾಡುಗಳಿವೆ. ಸರ್ವೆ ನಂಬರ್ ಬರೆದುಕೊಂಡು ಅರಣ್ಯ ಇಲಾಖೆಯ ವಿಭಾಗ ಕಚೇರಿಗೆ ಹೋಗಿ, ಅದು ವಲಯದೊಳಗಿದೆಯೇ, ಅರಣ್ಯ ಕಾಯ್ದೆಯ 4ನೇ ಕಲಂನ ಅಧಿಸೂಚನೆಯಲ್ಲಿದೆಯೇ ಎಂದು ಲಿಖಿತವಾಗಿ ಪಡೆಯಿರಿ. ಪ್ಲಾಟು ಬೆಟ್ಟದ ಗಾಳಿ ವಿದ್ಯುತ್ ಯಂತ್ರಗಳ ಹತ್ತಿರವಿದ್ದರೆ ಒಂದು ರಾತ್ರಿ ಅಲ್ಲೇ ಪರಿಚಯದವರ ಮನೆಯಲ್ಲಿ ಉಳಿದು ಸದ್ದು ಕೇಳಿಸಿಕೊಳ್ಳಿ. ಆ ಹೊತ್ತಿಗೂ ಆಸೆ ಹಾಗೆಯೇ ಉಳಿದಿದ್ದರೆ ಕಾಗದಗಳ ನಕಲು ಕಳಿಸಿ, ನೋಡೋಣ.