ಕಾಲೇಜಿಗೆ ಹೋಗಬಯಸುವ ಬಾಲಿಕೆಯ ಸಿದ್ಧತೆ

ಹತ್ತನೆಯ ತರಗತಿಯ ಫಲಿತಾಂಶವು ಹೊರಬಿದ್ದ ದಿನದಿಂದ ಪದವಿಪೂರ್ವ ಕಾಲೇಜಿನ ಪ್ರವೇಶವು ಮುಗಿಯುವವರೆಗೆ ದೊರೆಯುವ ಕಾಲವು ಕೆಲವೇ ವಾರಗಳು. ಹದಿನಾರು ವರುಷದ ಬಾಲಿಕೆಯ ಮುಂದಿನ ಬಾಳಿನ ದಿಕ್ಕು ಬಹುಮಟ್ಟಿಗೆ ಈ ಅಲ್ಪಾವಧಿಯಲ್ಲಿಯೇ ನಿಶ್ಚಯವಾಗಿಬಿಡುವುದು. ಆದುದರಿಂದ ಮಾತಾಪಿತೃಗಳು ಒಂದು ವರುಷ ಮುಂಚಿತವಾಗಿಯೇ ಮಗಳೊಡನೆ ಕುಳಿತು ಆಲೋಚಿಸಬೇಕೆಂದು ನಾವು ಬಿನ್ನವಿಸುವೆವು.

ಹೆಣ್ಣುಮಕ್ಕಳಿಗೆ ಈ ಬಾಗಿಲು ಸುಲಭವಾಗಿ ತೆರೆಯಲಿಲ್ಲ. 1883ರಲ್ಲಿ ಚಂದ್ರಮುಖಿ ಬಸು, ಕಾದಂಬಿನಿ ಎಂಬೀರ್ವರು ಕಲಕತ್ತೆಯ ವಿಶ್ವವಿದ್ಯಾನಿಲಯದಿಂದ ಬಿ.ಎ. ಪದವಿಯನ್ನು ಪಡೆದಾಗ ಅದು ದೇಶಕ್ಕೇ ಹೊಸ ಸಂಗತಿಯಾಗಿತ್ತು. ಕಾರ್ನೇಲಿಯಾ ಸೊರಾಬ್ಜಿಯವರು 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಪರೀಕ್ಷೆಗೆ ಕುಳಿತರು. ಸ್ತ್ರೀಯರಿಗೆ ಪದವಿಯನ್ನು ಕೊಡುವ ನಿಯಮವು ಆಗ ಅಲ್ಲಿರಲಿಲ್ಲವಾದ್ದರಿಂದ ಪದವಿಯು ಅವರ ಕೈಸೇರಿದುದು 1922ರಲ್ಲಿ. ಇಂದು ನಮ್ಮ ಬಾಲಿಕೆಯರನ್ನು ಬಾಗಿಲಲ್ಲಿ ತಡೆಯುವ ನಿಯಮವಿಲ್ಲ. ಒಳಹೊಕ್ಕ ಮೇಲೆ ಧೈರ್ಯಗುಂದುವವರು ಇದ್ದಾರೆ; ಅವರನ್ನು ಕುರಿತೇ ಈ ನಾಲ್ಕು ಮಾತು.

ವಿಷಯಗಳ ಆಯ್ಕೆಯಲ್ಲಿ ಗೆಳತಿಯರನ್ನು ಅನುಸರಿಸಕೂಡದು. ವೈದ್ಯಳಾಗಬಯಸುವವಳಿಗೆ ಜೀವಶಾಸ್ತ್ರವೂ, ಇಂಜಿನಿಯರಾಗಬಯಸುವವಳಿಗೆ ಗಣಿತವೂ ಬೇಕೇ ಬೇಕು. ಎರಡನ್ನೂ ಕೂಡಿಸಿ ಓದಿದರೆ ಎರಡು ದಾರಿಗಳೂ ತೆರೆದಿರುವುವು. ಹೊರೆ ಮಾತ್ರ ಹೆಚ್ಚು. ಕಲಾವಿಭಾಗವು ಕಡಿಮೆ ಅಂಕದವರ ಪಾಲೆಂಬ ಭಾವನೆಯಂತೂ ನಮಗೆ ಸ್ವಲ್ಪವೂ ಸಮ್ಮತವಲ್ಲ. ನ್ಯಾಯಶಾಸ್ತ್ರಕ್ಕೂ ಐ.ಎ.ಎಸ್. ಪರೀಕ್ಷೆಗೂ ಅಲ್ಲಿಂದ ನೇರವಾದ ದಾರಿಯುಂಟು.

ಕನ್ನಡದಲ್ಲಿ ಓದಿದ ಬಾಲಿಕೆಯ ನಿಜವಾದ ಕಷ್ಟವು ಬೇರೆ. ವೈದ್ಯಶಿಕ್ಷಣದ ಪ್ರವೇಶಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಲು ಅವಕಾಶ ದೊರೆತಿದ್ದರೂ, ಕಾಲೇಜಿನಲ್ಲಿ ವಿಜ್ಞಾನದ ಬೋಧನೆಯು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿಯೇ ನಡೆಯುವುದು. ದ್ಯುತಿಸಂಶ್ಲೇಷಣೆಯನ್ನು ಚೆನ್ನಾಗಿ ಬಲ್ಲ ಬಾಲಿಕೆಯು ‘ಫೋಟೋಸಿಂಥೆಸಿಸ್’ ಎಂಬ ಶಬ್ದವನ್ನು ಕೇಳಿ ಇದಾವುದೋ ಹೊಸ ಪಾಠವೆಂದು ತಲೆತಗ್ಗಿಸುವಳು. ವಿಷಯವು ಅವಳಿಗೆ ಗೊತ್ತು, ಹೆಸರು ಗೊತ್ತಿಲ್ಲ. ಮೊದಲ ಮೂರು ತಿಂಗಳಲ್ಲಿ ‘ನಾನು ದಡ್ಡಿ’ ಎಂದು ಅವಳು ನಂಬಿಬಿಟ್ಟರೆ ಆ ನಂಬಿಕೆಯನ್ನು ಕೀಳುವುದು ಬಲು ಕಷ್ಟ. ಆದಕಾರಣ ಹತ್ತನೆಯ ತರಗತಿಯಲ್ಲಿಯೇ ಒಂದು ನೋಟುಪುಸ್ತಕದ ನಡುವೆ ಗೆರೆಯೆಳೆದು, ಎಡಕ್ಕೆ ಕನ್ನಡ ಶಬ್ದವನ್ನೂ ಬಲಕ್ಕೆ ಇಂಗ್ಲಿಷ್ ಶಬ್ದವನ್ನೂ ದಿನಕ್ಕೆ ಐದರಂತೆ ಬರೆಯಲಿ. ಶಾಲೆಯ 200 ದಿನಗಳಲ್ಲಿ 1,000 ಶಬ್ದಗಳು ಅವಳ ಸ್ವತ್ತಾಗುವುವು.

ಇನ್ನೊಂದು ಅಭ್ಯಾಸವಿದೆ. ಹೈಸ್ಕೂಲಿನಲ್ಲಿ ನಾವು ಕರಿಹಲಗೆಯ ಮೇಲೆ ಬರೆದುದನ್ನು ಮಕ್ಕಳು ಇಳಿಸಿಕೊಳ್ಳುವರು. ಕಾಲೇಜಿನಲ್ಲಿ ಉಪನ್ಯಾಸಕರು ಮಾತನಾಡುತ್ತಾ ಸಾಗುವರು. ಮನೆಯಲ್ಲಿ ಅಣ್ಣನೋ ತಾಯಿಯೋ ಹತ್ತು ನಿಮಿಷ ಗಟ್ಟಿಯಾಗಿ ಓದಲಿ; ಬಾಲಿಕೆಯು ಕೇಳಿ ಸಾರಾಂಶವನ್ನು ಸ್ವಂತ ಮಾತಿನಲ್ಲಿ ಬರೆಯಲಿ. ತಾಯಿಗೆ ಓದು ಬಾರದಿದ್ದರೆ ಮಗಳೇ ಅಂದಿನ ಪಾಠವನ್ನು ತಾಯಿಗೆ ಹೇಳಲಿ. ಇದು ಇನ್ನೂ ಒಳ್ಳೆಯದು.

ಜಾತಿ, ಆದಾಯಗಳ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಬೇಸಗೆಗೆ ಮೊದಲೇ ತಂದಿರಿಸಿಕೊಳ್ಳುವುದು ಲೇಸು. ವಿದ್ಯಾರ್ಥಿವೇತನದ ಅರ್ಜಿಗೆ ಅವು ಬೇಕಾಗುವುವು. ತಮ್ಮನ ಓದಿಗಾಗಿ ಅಕ್ಕನ ಓದನ್ನು ನಿಲ್ಲಿಸಬೇಕೆಂಬ ಯೋಚನೆಯು ಮನೆಯಲ್ಲಿ ಹುಟ್ಟಿದ್ದರೆ, ನಿರ್ಧರಿಸುವುದಕ್ಕೆ ಮುಂಚೆ ತಂದೆತಾಯಿಗಳು ನಮ್ಮನ್ನು ಬಂದು ಕಾಣಬೇಕು.

ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಒಂದು ಬೇಡಿಕೆಯುಂಟು. ಕಾಲೇಜಿನಲ್ಲಿ ಓದುತ್ತಿರುವವರು ರಜೆಗೆ ಊರಿಗೆ ಬಂದಾಗ ಒಂದು ಶನಿವಾರ ಶಾಲೆಗೆ ಬಂದು, ಮೊದಲ ಮೂರು ತಿಂಗಳನ್ನು ತಾವು ಹೇಗೆ ಕಳೆದಿರೆಂಬುದನ್ನು ಹತ್ತನೆಯ ತರಗತಿಯವರಿಗೆ ತಿಳಿಸಿರಿ. ತಮ್ಮ ಹಳೆಯ ನೋಟುಪುಸ್ತಕಗಳನ್ನೂ ಜೊತೆಗೆ ತನ್ನಿರಿ.